ಹೆಬ್ಬೆಟ್ಟಿನ ಉಪವಾಸ

ನಮ್ಮ ಅಜ್ಜಿ ಹೆಬ್ಬೆಟ್ಟು. ಬ್ಯಾಂಕಿಗೆ ಹೋದರೆ ಬೆರಳಿಗೆ ಶಾಯಿ ಬಳಿಸಿಕೊಂಡು, ಕಾಗದಕ್ಕೆ ಒತ್ತಿ, ಉಳಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬರುತ್ತಿದ್ದಳು. ಓದು ಕಲಿತ ಮೊಮ್ಮಕ್ಕಳು ನಾವು ಮುಸಿಮುಸಿ ನಗುತ್ತಿದ್ದೆವು. ಅವಳು ವರ್ಷಕ್ಕೆ ನಾಲ್ಕು ಸಲ ಒತ್ತಿದ್ದರೆ ಜಾಸ್ತಿ. ನಾನೋ, ಬೆಳಗ್ಗೆ ಕಣ್ಣು ಬಿಡುವ ಮೊದಲೇ ಶುರು. ಫೋನ್ ತೆರೆಯಲು ಹೆಬ್ಬೆಟ್ಟು, ದುಡ್ಡು ಕಳಿಸಲು ಹೆಬ್ಬೆಟ್ಟು, ಯಾರದೋ ಗೃಹಪ್ರವೇಶದ ಫೋಟೊ ಮೆಚ್ಚಲೂ ಹೆಬ್ಬೆಟ್ಟಿನದೇ ಚಿತ್ರ. ಇಷ್ಟೆಲ್ಲ ಓದಿ ಕೊನೆಗೆ ಅಜ್ಜಿಯ ಪಂಗಡಕ್ಕೇ ಸೇರಿಕೊಂಡೆ.

ಹಾಗಾಗಿ ಗೆಳೆಯ 'ಡಿಜಿಟಲ್ ಡಿಟಾಕ್ಸ್ ಮಾಡೋಣ್ವಾ? ಎರಡು ರಾತ್ರಿ, ಟೆಂಟು, ಫೋನ್ ಮುಟ್ಟೋ ಹಾಗಿಲ್ಲ' ಅಂದಾಗ ಒಪ್ಪಿದೆ. ಡಿಜಿಟ್ ಅನ್ನುವ ಮಾತಿನ ಬೇರು ಲ್ಯಾಟಿನ್ನಿನ ಬೆರಳು. ನನ್ನ ಮಟ್ಟಿಗೆ ಇದು ಬೆರಳಿನ ಉಪವಾಸ. ಅದರಲ್ಲೂ ಒಂದೇ ಬೆರಳಿನದು.

ಜಾಗ ಶರಾವತಿ ಹಿನ್ನೀರಿನ ಆಚೆ ದಡ, ತುಮರಿಯ ಕಡೆ, ಗೆಳೆಯನ ಸೋದರಮಾವನ ತೋಟ. ಸುತ್ತಲಿನ ಕಾಡಿನಲ್ಲಿ ಬೇಕಾದಲ್ಲಿ ಟೆಂಟ್ ಹಾಕುವಂತಿಲ್ಲ, ಅದು ಸಿಂಗಳೀಕಗಳ ಅಭಯಾರಣ್ಯ. ಮಾವನ ಸ್ವಂತ ಬ್ಯಾಣದಲ್ಲಾದರೆ, ಅಂದರೆ ತೋಟಕ್ಕೆ ಸೇರಿದ ಹುಲ್ಲುಗಾವಲಿನಲ್ಲಾದರೆ, ಕೇಳುವವರಿಲ್ಲ. ಮೊದಲು ಅಂಬಾರಗೋಡ್ಲುವಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈಯಿಂದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ಲಾಂಚಿಗೆ ಕಾಯುತ್ತ ನೀರು ನೋಡುವ ಅರ್ಧ ಗಂಟೆಯೇ ಒಳ್ಳೆಯ ಡಿಟಾಕ್ಸ್ ಆಗಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಆ ದಡದವರ ಮುಂದೆ ಇದನ್ನು ಹೇಳಿದರೆ ಪೆಟ್ಟು ತಿನ್ನುವುದು ಖಂಡಿತ. ಹೆರಿಗೆ ನೋವಿನವರನ್ನು ಕರೆದುಕೊಂಡು ಅದೇ ಲಾಂಚಿಗೆ ಕಾದವರು ಅವರು.

'ನೆಟ್‌ವರ್ಕ್ ಇಲ್ಲದ ಜಾಗ ಬೇಕು ಅಂತ ಅಷ್ಟು ದೂರದಿಂದ ಬಂದ್ರಾ?' ಅಂತ ಮಾವ ಎರಡೆರಡು ಸಲ ಕೇಳಿದರು. ನಂಬಿಕೆಯೇ ಬರಲಿಲ್ಲ ಅವರಿಗೆ. '1964ರಲ್ಲಿ ಲಿಂಗನಮಕ್ಕಿ ಕಟ್ಟಿ ನಮ್ಮ ಗದ್ದೆ ಮುಳುಗಿಸಿ ನಿಮಗೆಲ್ಲ ಕರೆಂಟ್ ಕೊಟ್ರು. ಆ ಕರೆಂಟಲ್ಲಿ ನೀವು ಫೋನ್ ಚಾರ್ಜ್ ಮಾಡ್ಕೊಂಡ್ರಿ. ಈಗ ಅದು ಜಾಸ್ತಿ ಆಯ್ತು ಅಂತ ಇಲ್ಲಿಗೆ ಬಂದ್ರಿ. ಒಳ್ಳೆ ಕಥೆ ಮಾರಾಯ್ರೆ!' ಕೋವಿಡ್ ಕಾಲದಲ್ಲಿ ಅವರ ಮಗಳು ಆನ್‌ಲೈನ್ ಪಾಠ ಕೇಳಲು ಛತ್ರಿ ಹಿಡಿದು ಗುಡ್ಡ ಹತ್ತುತ್ತಿದ್ದಳಂತೆ. ಈಗಲೂ ಮನೆ ಹಿಂದಿನ ಗೇರು ಮರದ ಬುಡದಲ್ಲಿ, ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ಮನೆಯವರು ಅದನ್ನು 'ಎಕ್ಸ್‌ಚೇಂಜ್' ಅನ್ನುತ್ತಾರೆ.

ಅತ್ತೆ ನಮ್ಮಿಬ್ಬರ ಫೋನು ಇಸಿದುಕೊಂಡು ಅಕ್ಕಿ ಡಬ್ಬಿಯಲ್ಲಿ ಹುಗಿದರು. ನೆನೆದ ಫೋನನ್ನು ಅಕ್ಕಿಯಲ್ಲಿಡುವುದು ಗೊತ್ತಿತ್ತು, ಕೆಟ್ಟ ಮಾಲೀಕರ ಫೋನಿಗೂ ಅದೇ ಮದ್ದು ಅಂತ ಅವತ್ತು ತಿಳಿಯಿತು. ಗೆಳೆಯನ ಕೈಯಲ್ಲಿ ಸ್ಮಾರ್ಟ್ ವಾಚು ಉಳಿದಿತ್ತು. 'ಇದು ಹೆಜ್ಜೆ ಎಣಿಸುತ್ತೆ ಅಷ್ಟೆ' ಅಂದ. ಏಕಾದಶಿ ದಿನ ಅನ್ನ ಬಿಟ್ಟು, ಎರಡು ತಟ್ಟೆ ಅವಲಕ್ಕಿ ಹೊಡೆಯುವವರನ್ನು ಕಂಡಿರುವುದರಿಂದ ಸುಮ್ಮನಿದ್ದೆ.

ಬ್ಯಾಣಕ್ಕೆ ಹೊರಟಾಗ ಮಾವ ಒಂದು ಬಾಟಲಿ ಕೈಗಿಟ್ಟರು. ಡೆಪಾ ಎಣ್ಣೆ. 'ಕಾಲಿಗೆ ಬಳ್ಕೊಳ್ಳಿ, ಉಣುಗು ಹತ್ತುತ್ತೆ.' ರಕ್ತ ಹೀರುವ ಈ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನದೇ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಇಲ್ಲಿಯವರಿಗೆ ಉಣುಗಿನ ಭಯ. ನಿಸರ್ಗದ ಮಡಿಲು ಅಂತ ನಾವು ಅಂದುಕೊಂಡು ಬಂದ ಜಾಗಕ್ಕೆ ಎಣ್ಣೆ ಬಳಿದುಕೊಂಡು ಇಳಿದೆವು.

ಕತ್ತಲಾದ ಮೇಲೆ ಗೊತ್ತಾಯಿತು, ನಾನು ಬಿಟ್ಟುಬಂದದ್ದು ಬರೀ ಫೋನನ್ನಲ್ಲ. ಟಾರ್ಚು ಅದರಲ್ಲಿತ್ತು. ಗಡಿಯಾರ ಅದರಲ್ಲಿತ್ತು. ಟೆಂಟ್ ಕಟ್ಟುವುದು ಹೇಗೆ ಅನ್ನುವ ವಿಡಿಯೊ ಅದರಲ್ಲೇ ಇತ್ತು! ಮಾವನ ಮನೆಯ ಬ್ಯಾಟರಿ ಹಿಡಿದು ತಡಕಾಡಿ ಹೇಗೋ ಕಟ್ಟಿದೆವು. ಒಂದು ಕೋಲು ಮಿಕ್ಕಿತು. ಅದು ಯಾವುದರದು ಅಂತ ಇವತ್ತಿಗೂ ತಿಳಿದಿಲ್ಲ.

ಮಲಗಿದಾಗ ತೊಡೆ ಗುರ್ ಅಂತ ನಡುಗಿತು. ಜೇಬಿಗೆ ಕೈ ಹಾಕಿದರೆ ಖಾಲಿ. ಮರುದಿನ ಮಧ್ಯಾಹ್ನದೊಳಗೆ ಕೈ 17 ಸಲ ಜೇಬಿಗೆ ಹೋಯಿತು. ಎಣಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮಂಗಟ್ಟೆಯೊಂದು ಉಗಿಬಂಡಿಯಂತೆ ರೆಕ್ಕೆ ಸದ್ದು ಮಾಡುತ್ತ ನೀರಿನ ಮೇಲೆ ಹಾದುಹೋದಾಗಲೂ ಮೊದಲು ಎದ್ದದ್ದು ಕೈ. ಕಣ್ಣು ಆಮೇಲೆ. ಹಕ್ಕಿ ಅಷ್ಟರಲ್ಲಿ ಆಚೆ ದಡದ ಮರ ಸೇರಿತ್ತು. ಫೋಟೊ ಇಲ್ಲದ್ದರಿಂದ ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಎರಡನೆಯ ಸಂಜೆ ಸುಮ್ನೆ ಕೂರಲಾಗದೆ ಮಾವನ ಅಂಗಳಕ್ಕೆ ಹೋದೆ. ಅಡಿಕೆ ಸುಲಿಗೆ ನಡೆದಿತ್ತು. ಸುಲಿಯುವ ಯಂತ್ರ ಊರಿಗೆ ಬಂದಿದ್ದರೂ ಈ ಮನೆಯಲ್ಲಿ ಇನ್ನೂ ಕೈಸುಲಿಗೆಯೇ. ಏಳೆಂಟು ಜನ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಕತ್ತಿಯ ಅಂಚಿಗೆ ಕಾಯಿ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಯಾರೂ ಕೈ ನೋಡುತ್ತಿರಲಿಲ್ಲ. ಬಾಯಿ ತುಂಬ ಊರ ಸುದ್ದಿ: ಯಾರ ಮಗ ಯಾರ ಮಗಳ ಜೊತೆ ಹೋದ, ಯಾವ ಮನೆಯ ಎಮ್ಮೆ ಕಂದು ಹಾಕಿತು. ನನ್ನ ಹೆಬ್ಬೆಟ್ಟು ದಿನವಿಡೀ ತಳ್ಳಿ ತಳ್ಳಿ ನೋಡುವುದೂ ಇಂಥದ್ದನ್ನೇ. ವ್ಯತ್ಯಾಸ ಇಷ್ಟೇ, ಇವರ ಡಬ್ಬಿ ತುಂಬುತ್ತಿತ್ತು.

ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ಹದಿನೈದು ನಿಮಿಷಕ್ಕೆ ಹನ್ನೊಂದು ಕಾಯಿ. ಹನ್ನೆರಡನೆಯದಕ್ಕೆ ಹೆಬ್ಬೆಟ್ಟು ಕುಯ್ದುಕೊಂಡೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಅರಿಶಿನ ಮೆತ್ತಿ ಬಟ್ಟೆ ಸುತ್ತಿದರು. 'ಎಂತ ತಮ್ಮ, ಬೆರಳು ಇಷ್ಟು ಮೆತ್ತಗೆ!' ಅಂತ ನಕ್ಕರು. ಕರೆಂಟ್ ಹೋಯಿತು. ಆದರೂ ಕತ್ತಲಲ್ಲಿ ಕತ್ತಿಯ ಸದ್ದು ನಿಲ್ಲಲಿಲ್ಲ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು, ಅದರ ಹಿಂದೆ ಕೆಂಪಗೆ ರೋಹಿಣಿ. ನಮ್ಮ ತಾರಸಿಯಲ್ಲಿ ಇವನ್ನು ಹುಡುಕಲು ಫೋನನ್ನೇ ಆಕಾಶಕ್ಕೆ ಹಿಡಿಯುತ್ತಿದ್ದೆ. ಇಲ್ಲಿ ಮಾವ ಗಲ್ಲ ಎತ್ತಿ ತೋರಿಸಿದರು, ಅಷ್ಟೆ.

ಭಾನುವಾರ ಬೆಳಗ್ಗೆ ಅತ್ತೆ ಅಕ್ಕಿ ಡಬ್ಬಿಯಿಂದ ಫೋನ್ ತೆಗೆದುಕೊಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ಓಡಿಕೊಂಡೇ ಎಕ್ಸ್‌ಚೇಂಜ್ ಕಲ್ಲು ಹತ್ತಿದೆ. ಬಟ್ಟೆ ಬಿಚ್ಚಿ ಹೆಬ್ಬೆಟ್ಟು ಒತ್ತಿದೆ. ತೆರೆಯಲಿಲ್ಲ. ಅಂಗಿಗೆ ಒರೆಸಿ ಒತ್ತಿದೆ. ಇಲ್ಲ. ಗಾಯದ ಗೆರೆ, ಅರಿಶಿನ, ಅದರ ಮೇಲೆ ಅಡಿಕೆಯ ಕಪ್ಪು ಕರೆ. ಇವನು ಯಾರೋ ಬೇರೆಯವನು ಅಂತ ಫೋನ್ ತೀರ್ಮಾನಿಸಿಬಿಟ್ಟಿತ್ತು.

ಸುಲಿಗೆಗೆ ಬರುತ್ತಿದ್ದ ಅದೇ ಹೆಂಗಸು ಗೇರು ಮರದ ಕೆಳಗೆ ನಿಂತು ನನ್ನ ಒದ್ದಾಟ ನೋಡಿದರು. ತಮ್ಮ ಕರಿಬಡಿದ ಹೆಬ್ಬೆರಳನ್ನು ಎತ್ತಿ ತೋರಿಸಿದರು.

'ನಂದೂ ಹೀಗೇಯ ತಮ್ಮ. ಸೊಸೈಟಿಲಿ ರೇಷನ್ನಿಗೆ ಒತ್ತಿದ್ರೆ ಹತ್ತದೇ ಇಲ್ಲ. ಸುಲಿಗೆ ಮುಗಿಸ್ಕೊಂಡು ಬಾ ಅಂತಾರೆ.'