ಸಿಮೆಂಟ್ ಆನೆಗೆ ಎರಡು ಫೋಕಸ್ ಲೈಟು

ಕೊಡಗಿನ ನಮ್ಮೂರ ಕಾಲೇಜಿನ ಸೌಂದರ್ಯೀಕರಣದ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದೆಯಂತೆ. ಮೊನ್ನೆ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಈ ಸಲ ಸಂಗೀತ ಕಾರಂಜಿ. ಹೌದು, ಕಾರಂಜಿ. ಬೆಂಗಳೂರಿನ ಮೂರು ಪಟ್ಟಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ನೀರು ಸಾಲದು ಅಂತ ಕೆಳಗಿನಿಂದಲೂ ಮೇಲಕ್ಕೆ ಚಿಮ್ಮಿಸುತ್ತಾರೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಯಾವುದು ಮಳೆ, ಯಾವುದು ಕಾರಂಜಿ ಅಂತ ಗುರುತಿಸಲು ಸಂಗೀತ ಬೇಕೇ ಬೇಕು.

ಮೊದಲ ಹಂತದ ಉದ್ಘಾಟನೆಗೆ ನಾನೂ ಹೋಗಿದ್ದೆ. ಹಳೇ ವಿದ್ಯಾರ್ಥಿಗಳು ಅಂತ ಚೀಟಿ ಅಂಟಿಸಿದ್ದ ಪ್ಲಾಸ್ಟಿಕ್ ಕುರ್ಚಿ, ಮೂರನೇ ಸಾಲು. ಹೊಸ ದೀಪಗಳ ಉದ್ಘಾಟನೆ ಇಟ್ಟಿದ್ದು ಬೆಳಿಗ್ಗೆ 11 ಗಂಟೆಗೆ. ಏಪ್ರಿಲ್ ಬಿಸಿಲು. ಮೊದಲು ಎಣ್ಣೆ ದೀಪ ಹಚ್ಚಿದರು. ಆಮೇಲೆ ಎಂಟು ಜನ ಗಣ್ಯರು ಸೇರಿ ಒಂದೇ ಒಂದು ಗುಂಡಿ ಒತ್ತಿದರು. ದೀಪ ಹತ್ತಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ನಿರೂಪಕಿ "ಜೋರಾದ ಚಪ್ಪಾಳೆ" ಅಂದರು, ತಟ್ಟಿದೆವು. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಹಣೆಗೆ ಕೈ ಅಡ್ಡ ಹಿಡಿದು ಕಂಬದ ತುದಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ಹತ್ತಿರಬೇಕು" ಅಂದು ಉಪ್ಪಿಟ್ಟಿನ ಕಡೆ ಹೋದರು.

ಹತ್ತಿತ್ತು. ಅದು ನನಗೆ ಗೊತ್ತಾಗಿದ್ದು ಅವತ್ತು ರಾತ್ರಿ. ನಮ್ಮ ಮನೆ ಕಾಲೇಜಿನ ಎದುರು ಗುಡ್ಡದಲ್ಲಿದೆ. ಮಲಗುವ ಕೋಣೆಯ ಕಿಟಕಿ ಆ ಕಡೆಗೇ. ರಾತ್ರಿ ಎರಡು ಗಂಟೆಗೆ ಎದ್ದವನಿಗೆ ಬೆಳಗಾಯಿತು ಅನ್ನಿಸಿ ಹಲ್ಲುಜ್ಜಿ, ಹಂಡೆಗೆ ಬೆಂಕಿ ಹಾಕಿ ಬಂದೆ. ಹೆಂಡತಿ ಗಡಿಯಾರ ತೋರಿಸಿದ ಮೇಲೆ ಮತ್ತೆ ಮಲಗಿದೆ. ನಿದ್ದೆ ಎಲ್ಲಿಂದ ಬರಬೇಕು? ಕಂಬ ಎಣಿಸಿದೆ. 84. ಈಗ ಕರ್ಟನ್ ಹಾಕಿದ್ದೇವೆ. ಕೊಡಗಿನಲ್ಲಿ, ಜುಲೈಯಲ್ಲಿ, ಬೆಳಕು ತಡೆಯಲು ಕರ್ಟನ್ ಹಾಕಿದ ಮನೆ ನಮ್ಮದೊಂದೇ ಇರಬೇಕು.

ಬಲ್ಬಿನ ಬಿಳುಪು 6500 ಕೆಲ್ವಿನ್. ಇದನ್ನು ನಾನು ಕಣ್ಣಂದಾಜಿನಲ್ಲಿ ಹೇಳುತ್ತಿಲ್ಲ, ಡಬ್ಬದ ಮೇಲೆ ಬರೆದಿದೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ತಿರುಗುತ್ತದೆ, ಮೀನಿನ ಅಂಗಡಿಯ ಟ್ಯೂಬ್‌ಲೈಟಿನ ಹಾಗೆ. ಬೀದಿ ದೀಪ 3000 ಕೆಲ್ವಿನ್ ದಾಟದಿದ್ದರೆ ಒಳ್ಳೆಯದು, ನಿದ್ದೆ ಕೆಡುತ್ತದೆ ಅಂತ ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿತ್ತು. ನಮ್ಮ ಅಭಿವೃದ್ಧಿ ಸಮಿತಿಯವರು ಅಮೆರಿಕದವರ ಮಾತು ಕೇಳುವವರಲ್ಲ. ಸ್ವಾಭಿಮಾನಿಗಳು.

ಡಬ್ಬದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ದೀಪ ಬಂದ ರಟ್ಟಿನ ಡಬ್ಬಗಳನ್ನು ವಾಚ್‌ಮನ್ ಅಣ್ಣ ಬಿಡಿಸಿ ತನ್ನ ಶೆಡ್ಡಿನ ನೆಲಕ್ಕೆ ಹಾಸಿಕೊಂಡಿದ್ದಾರೆ, ಥಂಡಿಗೆ. ಒಂದು ಸಂಜೆ ಮಳೆ ಜೋರಾಗಿ ನಾನು ಅಲ್ಲಿ ನಿಂತಿದ್ದೆ. ಕಾಲ ಬುಡದಲ್ಲಿ ನಾಯಿ ಮಲಗಿತ್ತು. ನಾಯಿಯ ಬಾಲದ ಹತ್ತಿರ ಐಪಿ 20 ಅಂತ ಅಚ್ಚಾಗಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ, ಮನೆಯೊಳಗೆ ಮಾತ್ರ ಬಳಸಿ. ಐಪಿ ಆದ ಮೇಲೆ ಬರುವ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಹೊರಗೆ ಮಳೆಗೆ ನಿಲ್ಲುವ ದೀಪಕ್ಕೆ 65 ಆದರೂ ಇರಬೇಕು ಅಂತ ಯಾವ ವಯರ್‌ಮನ್ ಹುಡುಗನೂ ಹೇಳುತ್ತಾನೆ. ನಮ್ಮದರಲ್ಲಿ ನೀರಿನ ಅಂಕಿ ಸೊನ್ನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಒಂದು ಕಡೆ, ಸೊನ್ನೆ ಇನ್ನೊಂದು ಕಡೆ. ಧೈರ್ಯ ಬೇಕು ಮಾರಾಯ್ರೇ.

ಅದರ ಫಲ ನೋಡಬೇಕಿದ್ದರೆ ಗೇಟಿನಿಂದ ಮೂರನೇ ಕಂಬಕ್ಕೆ ಬನ್ನಿ. ಕಂಬ ಕೊಡೆಯ ಹಿಡಿಯ ಹಾಗೆ ಬಗ್ಗಿದೆ. ತುದಿಯಲ್ಲಿ ಬಿಳಿ ಗೋಳ ನೇತಾಡುತ್ತದೆ. ಗೋಳದೊಳಗೆ ಎರಡು ಬೆರಳು ನೀರು ನಿಂತಿದೆ. ನೀರಿನ ಮೇಲೆ ರೆಕ್ಕೆ ಕಳಚಿಕೊಂಡ ಗೆದ್ದಲುಗಳು ತೇಲುತ್ತಿವೆ. ಒಂದು ಪುಟ್ಟ ಕಪ್ಪೆ ಹೇಗೋ ಒಳಗೆ ಸೇರಿಕೊಂಡು ಅವನ್ನು ತಿಂದುಕೊಂಡು ಆರಾಮಾಗಿದೆ. ಮೇಲಿನಿಂದ ಬೆಳಕು, ಕೆಳಗೆ ನೀರು, ಕೂತಲ್ಲಿಗೇ ಊಟ. ಇಡೀ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ನಾನು ಕಣ್ಣಾರೆ ಕಂಡಿದ್ದು ಇದೊಬ್ಬನನ್ನೇ.

ಹುಳುಗಳ ಮಾತು. ದೀಪಕ್ಕೆ ಹುಳು ಯಾಕೆ ಮುತ್ತುತ್ತವೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ, ದೀಪದ ಮೇಲಿನ ಮೋಹ ಅಂತ ಕವಿಗಳು ಹೇಳಿ ನಂಬಿಸಿದ್ದಾರೆ. ಮೋಹ ಗೀಹ ಏನೂ ಇಲ್ಲವಂತೆ. 2024ರಲ್ಲಿ ಸಂಶೋಧಕರು ವೇಗದ ಕ್ಯಾಮೆರಾ ಇಟ್ಟು ನೋಡಿದರು. ಹಾರುವ ಹುಳುಗಳಿಗೆ ಬೆನ್ನನ್ನು ಬೆಳಕಿನ ಕಡೆ ತಿರುಗಿಸಿಕೊಂಡು ಹಾರುವ ಅಭ್ಯಾಸ. ರಾತ್ರಿ ಕೂಡ ಆಕಾಶ ನೆಲಕ್ಕಿಂತ ಬೆಳ್ಳಗಿರುತ್ತದೆ, ಹಾಗಾಗಿ ಬೆನ್ನು ಬೆಳಕಿಗಿದ್ದರೆ ಮೈ ನೆಟ್ಟಗಿದೆ ಅಂತ ಲೆಕ್ಕ. ಮಧ್ಯೆ ಒಂದು ಬಲ್ಬ್ ಬಂದರೆ ಲೆಕ್ಕ ತಪ್ಪಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಸುತ್ತುತ್ತಲೇ ಇರುತ್ತವೆ. ಓದಿ ಪಾಪ ಅನ್ನಿಸಿತು. ಸಮಿತಿಯವರ ಬಗ್ಗೆಯೂ ಆಮೇಲೆ ಸ್ವಲ್ಪ ಮೆದುವಾಗಿ ಯೋಚಿಸಲು ಶುರು ಮಾಡಿದೆ. ಹೆಚ್ಚು ದಿನ ಆಗಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ಇನ್ನು ನಮ್ಮೂರಲ್ಲಿ ನಡೆಯುವುದಿಲ್ಲ. ಬುಡಕ್ಕೂ ಒಂದು ಬಲ್ಬ್ ಹೂತಿದ್ದಾರೆ. ನೆಲದಿಂದ ಮೇಲಕ್ಕೆ, ನೇರ ಕಣ್ಣಿಗೆ. ಮಂಜು ಇಳಿದ ರಾತ್ರಿ ಒಮ್ಮೆ ಅಲ್ಲಿ ನಡೆದು ನೋಡಿ. ಸಂಪಾಜೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಕು ಮುಂದೆ ಹೋಗುವುದಿಲ್ಲ, ಮಂಜಿಗೆ ಬಡಿದು ಮುಖಕ್ಕೇ ವಾಪಸ್ ಬರುತ್ತದೆ. ಮುಂದೆ ಒಂದು ಬಿಳಿ ಗೋಡೆ. 84 ದೀಪಗಳ ನಡುವೆ ವಾಚ್‌ಮನ್ ಅಣ್ಣ ಟಾರ್ಚ್ ಹಿಡಿದು ತಿರುಗುತ್ತಾರೆ. ಕೇಳಿದೆ. "ಎಂತ ಮಾಡೋದು ಸಾರ್, ಇಷ್ಟು ಲೈಟಲ್ಲಿ ಕಣ್ಣೇ ಕಾಣೂದಿಲ್ಲ. ಮೊದಲು ಕತ್ತಲೆ ಇರುವಾಗ ಎಲ್ಲ ಕಾಣ್ತಾ ಇತ್ತು."

ಹಲಸಿನ ಮರ ಹೋಯಿತು. ಅದರ ಕಟ್ಟೆಯಲ್ಲಿ ಕೂತು ನಾವು ಪಾಠಕ್ಕಿಂತ ಜಾಸ್ತಿ ಕಲಿತಿದ್ದೆವು. ಮರ ಕಡಿದ ಕಾರಣ, ಎಲೆ ಬಿದ್ದು ಇಂಟರ್‌ಲಾಕ್ ಗಲೀಜಾಗುತ್ತದಂತೆ. ಇಂಟರ್‌ಲಾಕ್ ಮೇಲೆ ಈಗ ಹಸಿರು ಪಾಚಿ. ಮೊದಲ ವಾರವೇ ಇಬ್ಬರು ಹುಡುಗರು ಬಿದ್ದು ಒಬ್ಬನ ಮೊಣಕೈ ಹೋಯಿತು. ಪಕ್ಕದಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಸಮತಟ್ಟು ಮಾಡಿ ವ್ಯೂ ಪಾಯಿಂಟ್ ಅಂತ ಬೋರ್ಡ್ ಹಾಕಿದ್ದಾರೆ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಎರಡು ತಿಂಗಳು ಮುಂಚೆ ಬರೆಗೆ ಜೆಸಿಬಿ ಹಾಕುವವರಿಗೆ ನಾನೇನು ಹೇಳಲಿ? ತಡೆಗೋಡೆ ಕಟ್ಟುತ್ತೇವೆ ಅಂದಿದ್ದಾರೆ. ಮಡಿಕೇರಿಯ ಕಡೆಯವರ ಹತ್ತಿರ ತಡೆಗೋಡೆ ಅನ್ನಿ, ಅವರೇ ನಗುತ್ತಾರೆ.

ಮರ ಇದ್ದ ಜಾಗದಲ್ಲಿ ಈಗ ಆನೆ ನಿಂತಿದೆ. ಸಿಮೆಂಟ್ ಆನೆ. ಸೊಂಡಿಲು ಎತ್ತಿದೆ, ಒಂದು ಕಿವಿ ಇನ್ನೊಂದಕ್ಕಿಂತ ಚಿಕ್ಕದು, ಕಣ್ಣಿಗೆ ಯಾರೋ ರೆಪ್ಪೆ ಬರೆದು ನಾಚಿಕೆ ತರಿಸಿದ್ದಾರೆ. ಅದಕ್ಕೆ ಎದುರಿನಿಂದ ಒಂದು ಫೋಕಸ್ ಲೈಟು, ಹಿಂದಿನಿಂದ ಒಂದು. ಹಿಂದಿನದು ಯಾಕೆ ಅಂತ ಕೇಳಿದರೆ, ಬ್ಯಾಲೆನ್ಸಿಗೆ ಅಂದರು.

ಇಷ್ಟೆಲ್ಲ ಯಾಕೆ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ. ಕಾಲೇಜಿಗೆ ಗ್ರೇಡ್ ಬೇಕು. ನ್ಯಾಕ್ ನಮೂನೆಯಲ್ಲಿ ಎಲ್‌ಇಡಿ ಬಲ್ಬ್ ಬಳಸುತ್ತೀರಾ ಅನ್ನುವ ಅಂಶ ಇರುವುದು ನಿಜ. ಆದರೆ ಅದು ಬರುವುದು ವಿದ್ಯುತ್ ಉಳಿತಾಯದ ಲೆಕ್ಕದಲ್ಲಿ. ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿ, ಕರೆಂಟ್ ಉಳಿಸಿ ಅಂತ ಅದರ ಅರ್ಥ. ನಮ್ಮವರು ಏನೂ ಇಲ್ಲದ ಕಡೆ 84 ಕಂಬ ನೆಟ್ಟು, ಸಂಜೆ 7ರಿಂದ ಬೆಳಗಿನ ತನಕ ಉರಿಸಿ, ಉಳಿತಾಯ ಅಂತ ಬರೆದುಕೊಂಡಿದ್ದಾರೆ. ಕಾಲೇಜು ಬಿಡುವುದು ಸಂಜೆ 4:30ಕ್ಕೆ. ಹಾಸ್ಟೆಲ್ ಇಲ್ಲ. ರಾತ್ರಿ ಅಲ್ಲಿ ಇರುವುದು ವಾಚ್‌ಮನ್ ಅಣ್ಣ, ನಾಯಿ, ಕಪ್ಪೆ.

ಮಕ್ಕಳು ಎಲ್ಲಿರುತ್ತಾರೆ ಗೊತ್ತಾ? ಅವರ ಬಸ್ 6:45ಕ್ಕೆ. ಅಲ್ಲಿವರೆಗೆ ಲೈಬ್ರರಿಯ ಜಗಲಿಯಲ್ಲಿ ಕೂತು, ಆಮೇಲೆ ಗೇಟಿನಿಂದ ಬಸ್ ನಿಲ್ಲುವ ಜಾಗಕ್ಕೆ ಅರ್ಧ ಕಿಲೋಮೀಟರಿಗೂ ಜಾಸ್ತಿ ನಡೆಯುತ್ತಾರೆ. ಎರಡೂ ಕಡೆ ಕಾಫಿ ತೋಟ, ಮೇಲೆ ನೆರಳಿನ ಮರ. ಕಕ್ಕಡದ ಮೋಡಕ್ಕೆ ಆರೂವರೆಗೇ ಆ ರಸ್ತೆ ಗುಹೆ. ಕಾಡಾನೆ ದಾಟುವ ದಾರಿ. ನಾಚಿಕೆಯ ಕಣ್ಣಿನದಲ್ಲ, ನಿಜವಾದದ್ದು. ಪ್ರತಿ ವರ್ಷ ಆನೆ ತುಳಿದು ಜನ ಸಾಯುವ ಜಿಲ್ಲೆ ಇದು. ತೋಟದ ಕೆಲಸಕ್ಕೆ ಹೋದವರು ಸಂಜೆ ವಾಪಸ್ ಬರಲಿಲ್ಲ ಅನ್ನುವುದು ನಮಗೆ ಸುದ್ದಿಯ ಮೂರನೇ ಪುಟ. ಆ ರಸ್ತೆಯಲ್ಲಿ ಒಂದೇ ಒಂದು ದೀಪ ಇಲ್ಲ. ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು, ಜೋರಾಗಿ ಮಾತಾಡಿಕೊಂಡು, ಗುಂಪಾಗಿ ಹೋಗುತ್ತಾರೆ. ಮಾತಾಡುವುದು ಖುಷಿಗಲ್ಲ, ಆನೆಗೆ ಕೇಳಲಿ ಅಂತ.

ಗೇಟಿನ ಹೊರಗೆ ನಾಲ್ಕು ದೀಪ ಹಾಕಿ ಅಂತ ಪೋಷಕರು ಅರ್ಜಿ ಕೊಟ್ಟಿದ್ದರು. ಗೇಟಿನ ಹೊರಗಿನದು ನಮ್ಮ ವ್ಯಾಪ್ತಿ ಅಲ್ಲ ಅಂತ ಉತ್ತರ ಬಂತು. ವ್ಯಾಪ್ತಿ ಯಾರದು ಅಂತ ಹುಡುಕಿಕೊಂಡು ಹೋದರೆ ಮೂರು ಕಡೆ ಕಳಿಸಿದರು, ಮೂರನೆಯವರು ಮತ್ತೆ ಕಾಲೇಜಿಗೇ ಕಳಿಸಿದರು. ಹುಡುಗಿಯರ ಟಾಯ್ಲೆಟ್ಟಿನ ಚಿಲಕ ಮುರಿದು ಎರಡು ವರ್ಷ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅದು ಕಾಲೇಜಿನ ವ್ಯಾಪ್ತಿಯೊಳಗೇ ಇದೆ ಅಲ್ವಾ? ಒಂದು ಚಿಲಕ. ಅತಿಥಿ ಉಪನ್ಯಾಸಕರ ಸಂಬಳ ಕೇಳಿದರೆ ಅನುದಾನ ಬಂದಿಲ್ಲ. ದುಡ್ಡಿಲ್ಲ ಅನ್ನುವುದು ನಮಗೆ ಹೊಸದಲ್ಲ. 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯವನ್ನು 2025ರಲ್ಲಿ ಮುಚ್ಚುವ ಮಾತು ಬಂದದ್ದೂ ದುಡ್ಡಿನ ಹೆಸರಿನಲ್ಲೇ. ಕಾರಂಜಿಗೆ ಮಾತ್ರ ಇರುತ್ತದೆ. ಇದನ್ನು ಬರೆಯುವಾಗ ನಗು ತರಿಸಬೇಕು ಅಂತಲೇ ಕೂತೆ. ಬರುತ್ತಿಲ್ಲ.

ಒಂದು ಹಳೇ ಕತೆ ಹೇಳುತ್ತೇನೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂತು. ಕರೆಂಟ್ ಬಂದದ್ದು ಶಿವನಸಮುದ್ರದಿಂದ, ಕಾವೇರಿ ನೀರಿನಿಂದ. ಕಾವೇರಮ್ಮ ಹುಟ್ಟಿದ್ದು ನಮ್ಮ ತಲಕಾವೇರಿಯಲ್ಲಿ, ದೀಪ ಹಚ್ಚಿದ್ದು ಬೆಂಗಳೂರಿನಲ್ಲಿ. ಮಗಳು ಗಂಡನ ಮನೆ ಬೆಳಗಿದಳು ಅಂತ ನಾವು ಹೆಮ್ಮೆ ಪಟ್ಟುಕೊಂಡೆವು. ನೂರಿಪ್ಪತ್ತು ವರ್ಷ ಆಯಿತು, ತವರಿನ ರಸ್ತೆಗೆ ಒಂದು ಬಲ್ಬ್ ಬರಲಿಲ್ಲ.

ಕಳೆದ ತಿಂಗಳು ಒಂದು ಸಂಜೆ ವಾಚ್‌ಮನ್ ಅಣ್ಣ ಮನೆಗೆ ಬಂದರು. "ಸಾರ್, ನಿಮ್ಮತ್ರ 17ರ ಸ್ಪಾನರ್ ಉಂಟಾ?" ಇತ್ತು. ಯಾಕೆ ಅಂತ ಕೇಳಲಿಲ್ಲ, ಕೊಡೆ ಹಿಡಿದುಕೊಂಡು ನಾನೂ ಹೋದೆ. ಆನೆಯ ಹಿಂದಿನ ಫೋಕಸ್ ಲೈಟಿನ ಬೋಲ್ಟ್ ಸಡಿಲಿಸಿ, ದೀಪವನ್ನು ಗೇಟಿನ ಆಚೆ, ರಸ್ತೆಯ ಕಡೆ ತಿರುಗಿಸಿದರು. ಅದರ ಸ್ವಿಚ್ ಅವರ ಶೆಡ್ಡಿನಲ್ಲೇ ಇದೆ. ಆರು ಗಂಟೆಗೆ ಹಾಕಿದರು. ಮೊದಲ ತಿರುವಿನ ತನಕ ರಸ್ತೆ ಕಾಣಿಸಿತು. ಮಳೆಯ ಹನಿ, ಚರಂಡಿ, ಎಡಗಡೆ ಬಿದ್ದ ಬೇಲಿ. ಹುಡುಗಿಯರು ಗೇಟು ದಾಟಿ ಒಮ್ಮೆ ತಿರುಗಿ ನೋಡಿದರು. ಒಬ್ಬಳು ಮೊಬೈಲ್ ಬ್ಯಾಗಿಗೆ ಹಾಕಿಕೊಂಡಳು.

ನಾಲ್ಕು ದಿನ ನಡೆಯಿತು. ಐದನೇ ದಿನ ಯಾರೋ ಫೋಟೋ ತೆಗೆಯಲು ಬಂದವರಿಗೆ ಆನೆಯ ಹಿಂಭಾಗ ಕತ್ತಲಾಗಿರುವುದು ಗೊತ್ತಾಯಿತು. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ, ಅನುಮತಿಯಿಲ್ಲದೆ ದೀಪಗಳ ದಿಕ್ಕು ಬದಲಿಸುವಂತಿಲ್ಲ. ಸ್ವಿಚ್ಚನ್ನು ಆಫೀಸಿನೊಳಗೆ ಸಾಗಿಸಿದರು. ವಾಚ್‌ಮನ್ ಅಣ್ಣನಿಗೆ ಮೆಮೊ. ದೀಪ ಮತ್ತೆ ಆನೆಯ ಹಿಂಭಾಗ ನೋಡುತ್ತಿದೆ. ಹೋಗಿ ಬೋಲ್ಟ್ ನೋಡಿ ಬಂದೆ, ವೆಲ್ಡಿಂಗ್ ಮಾಡಿಸಿದ್ದಾರೆ. ಇಡೀ ಕಾಮಗಾರಿಯಲ್ಲಿ ಗಟ್ಟಿಯಾಗಿ ಆದ ಕೆಲಸ ಅದೊಂದೇ.