ಹಾಜರಾತಿ ಮತ್ತು ಕಾಯಿಹಾಲು

ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ಸಮಯ ನಿರ್ವಹಣೆಯ ಕಾರ್ಯಾಗಾರ ಇಟ್ಟರು. ಕಡ್ಡಾಯ ಬೇರೆ. ವಾರವಿಡೀ ಓಡಿದವರಿಗೆ ಸಿಗುವ ಅರ್ಧ ದಿನವನ್ನೂ ಕಿತ್ತುಕೊಂಡು, ಸಮಯ ಉಳಿಸುವುದು ಹೇಗೆಂದು ಪಾಠ ಹೇಳುವುದಕ್ಕೆ ಒಂದು ಧೈರ್ಯ ಬೇಕು. ಬಂದ ಸಂಪನ್ಮೂಲ ವ್ಯಕ್ತಿಯ ಕೈಯಲ್ಲಿ ಗಾಜಿನ ಭರಣಿ. ಮೊದಲು ದೊಡ್ಡ ಕಲ್ಲು, ಆಮೇಲೆ ಜಲ್ಲಿ, ಕೊನೆಗೆ ಹೊಯಿಗೆ ತುಂಬಬೇಕಂತೆ. ಪಿಯುಸಿಯಲ್ಲೂ ಇದೇ ಭರಣಿ ತೋರಿಸಿದ್ದರು. ಅದರಲ್ಲಿ ಯಾವ ಕಲ್ಲು ಅಕೌಂಟೆನ್ಸಿ, ಯಾವುದು ರೂಮಿನ ಬಾಡಿಗೆ ಎಂದು ಆಗಲೂ ಯಾರೂ ಹೇಳಲಿಲ್ಲ, ಈಗಲೂ ಹೇಳಲಿಲ್ಲ.

ನನ್ನದು ಕ್ಯಾಟರಿಂಗ್, ಓದಿನ ಜೊತೆಗೆ ಮದುವೆ ಊಟ ಬಡಿಸುವ ಕೆಲಸ. ಮಂಗಳೂರಿನಲ್ಲಿ ಓದುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೂನಿಫಾರ್ಮಿನ ಕಪ್ಪು ಪ್ಯಾಂಟೇ ಅಲ್ಲಿಗೂ ಆಗುತ್ತದೆ. ಸೋಮವಾರ ಬೆಳಿಗ್ಗೆ ಕ್ಯಾಥೊಲಿಕ್ ಮಕ್ಕಳೆಲ್ಲ ಕ್ಯಾಟೆಕಿಸಮ್‌ಗೆ, ಅಂದರೆ ಅವರ ಧರ್ಮಪಾಠಕ್ಕೆ, ಎದ್ದು ಹೋದ ಮೇಲೆ, ಉಳಿದ ನಮಗೆ ಮೌಲ್ಯ ಶಿಕ್ಷಣ. ಅಲ್ಲಿ ತಲೆ ತಗ್ಗಿಸಿ ಕೂತರೆ ಮೊಣಕಾಲಿನ ಹತ್ತಿರ ಹಿಂದಿನ ದಿನದ ಸಾರಿನ ಕಲೆ ಕಾಣಿಸುತ್ತದೆ. ನಾನು ಆತ್ಮಾವಲೋಕನ ಮಾಡಿಕೊಳ್ಳುತ್ತಿದ್ದೇನೆ ಎಂದು ಮೇಷ್ಟ್ರು ತಿಳಿದುಕೊಳ್ಳುತ್ತಾರೆ.

ಬಫೆಯಾದರೆ ಸುಲಭ, ಕೌಂಟರಿನ ಹಿಂದೆ ನಿಂತರಾಯಿತು. ಬಾಳೆಲೆಯ ಪಂಕ್ತಿ ಸೊಂಟಕ್ಕೆ ಬರುತ್ತದೆ. ಎಡಗೈಯಲ್ಲಿ ಬಕೆಟ್, ಬಲಗೈಯಲ್ಲಿ ಸೌಟು, ಬಾಗಿದ ಬೆನ್ನು ಸಾಲು ಮುಗಿಯುವವರೆಗೆ ನೆಟ್ಟಗಾಗುವಂತಿಲ್ಲ. ಅನ್ನದ ಗುಂಡಿಗೆ ಸರಿಯಾಗಿ ಸಾರು ಬಿಡದಿದ್ದರೆ ಅದು ನೇರ ಮಡಿಲಿಗೇ ಹರಿಯುತ್ತದೆ. ಸಾಂಬಾರು ತಂದರೆ ಪ್ರತಿ ಸಾಲಿನಲ್ಲೂ ಒಬ್ಬರು ಮಾವ ಇದ್ದೇ ಇರುತ್ತಾರೆ: "ತಮ್ಮಾ, ಮೇಲಿನ ನೀರು ಬೇಡ, ಅಡಿಯಿಂದ ಕಲಕಿ ಹಾಕು." ಹಿಂದೆ ಹೋಳಿಗೆಯವ ದೂಡುತ್ತಿರುತ್ತಾನೆ, ಮುಂದೆ ಪಲ್ಯದವ ಕದಲುವುದಿಲ್ಲ. ಇಂಥ ಒಂದು ಆದಿತ್ಯವಾರ, ಕಾಯಿಹಾಲಿನ ಪಾತ್ರೆ ಹಿಡಿದು ಬಗ್ಗಿದ್ದೇನೆ, ಎಲೆಯ ಆಚೆ ನಮಗೆ ಕಾಸ್ಟ್ ಅಕೌಂಟಿಂಗ್ ಪಾಠ ಮಾಡುವ ಮೇಡಂ! ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. ಗುರುತು ಹಿಡಿಯಲಾರರು ಎಂದುಕೊಂಡೆ. ಕ್ಲಾಸಿನಲ್ಲಿ ಎರಡು ವರ್ಷದಿಂದ ನನ್ನ ಹೆಸರು ಅವರ ನಾಲಿಗೆಗೆ ಸರಿಯಾಗಿ ಬಂದದ್ದಿಲ್ಲ. ಅಲ್ಲಿ ಬಂತು, ಪೂರ್ತಿ, ಇನಿಶಿಯಲ್ ಸಮೇತ. "ನಾಳೆ ಇಂಟರ್ನಲ್ಸ್ ಉಂಟಲ್ಲ?"

"ಉಂಟು ಮೇಡಂ. ಕಾಯಿಹಾಲು?"

"ಓದಿ ಆಯ್ತಾ?"

"ಹೋಳಿಗೆಯ ಮೇಲೆ ಹಾಕುವುದಾ, ಬದಿಯಲ್ಲಾ ಮೇಡಂ?"

ಬದಿಯಲ್ಲಿ ಹಾಕಿಸಿಕೊಂಡರು. ಎರಡನೇ ಸಲವೂ ಹಾಕಿಸಿಕೊಂಡರು. ಮರುದಿನ ಪೇಪರಿನಲ್ಲಿ ಒಂದು ಅಂಕವೂ ಹೆಚ್ಚು ಹಾಕಲಿಲ್ಲ. ಇದನ್ನು ನಾನು ಮರೆಯುವವನಲ್ಲ.

ಕೆಲಸ, ಓದು ಎರಡನ್ನೂ ಸರಿದೂಗಿಸಿ ಎನ್ನುವವರು ನಮ್ಮ ಊರಿನ ಮದುವೆಗಳನ್ನು ಒಮ್ಮೆ ನೋಡಬೇಕು. ಇಲ್ಲಿ 1880ರಲ್ಲಿ ಅಲೋಶಿಯಸ್ ಕಾಲೇಜು ಶುರುವಾಯಿತು, 1921ರಲ್ಲಿ ಆಗ್ನೆಸ್ ಕಾಲೇಜು ಶುರುವಾಯಿತು. ನೂರು ವರ್ಷ ದಾಟಿದರೂ ಕಾಲೇಜು ಕ್ಯಾಲೆಂಡರಿಗೂ ಪಂಚಾಂಗಕ್ಕೂ ಊರಲ್ಲಿ ಪರಿಚಯವಾದಂತಿಲ್ಲ. ತುಳುವರ ಆಟಿ ತಿಂಗಳಲ್ಲಿ ಹಿಂದೂಗಳ ಮದುವೆ ಇಲ್ಲ. ಹೊರಗೆ ಧೋ ಎಂದು ಮಳೆ, ಕಿಸೆ ಖಾಲಿ, ಹಾಜರಾತಿ ಭರ್ತಿ. ಆಗಲೇ ಯಾವುದಾದರೂ ಇಗರ್ಜಿಯಲ್ಲಿ ಮದುವೆ ನಿಶ್ಚಯವಾಗಿ, ಹಿಂದಿನ ದಿನದ ರೋಸ್ ಶಾಸ್ತ್ರದ ಊಟಕ್ಕೂ ಜನ ಬೇಕೆಂದು ಫೋನ್ ಬರುತ್ತದೆ. ಕ್ರಿಸ್ಮಸ್ ಮುಗಿದದ್ದೇ ಗಲ್ಫಿನಿಂದ ರಜೆಗೆ ಬಂದವರ ಮದುವೆಗಳ ಸಾಲು. ಬೇಸಿಗೆಯಲ್ಲಿ ದೇವಸ್ಥಾನಗಳ ಬ್ರಹ್ಮಕಲಶ. ಅದಕ್ಕೆ ಬಡಿಸಿದರೆ ಪುಣ್ಯ ಮಾತ್ರ, ದುಡ್ಡಿಲ್ಲ. ಶೇಕಡಾ 75 ಹಾಜರಾತಿ ಬೇಕೆನ್ನುವವರು ಪುಣ್ಯವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ನಾನೇ ಕೂತು ಲೆಕ್ಕ ಹಾಕಿದೆ. ಈಸ್ಟರ್ ಕೂಡ ಹುಣ್ಣಿಮೆ ನೋಡಿಯೇ ಬರುವ ಹಬ್ಬ, ಆದ್ದರಿಂದ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2027ರಲ್ಲಿ ಅದು ಮಾರ್ಚ್ 28ಕ್ಕೆ. ಅಂದರೆ ಫೆಬ್ರವರಿ 10ರಿಂದಲೇ ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸು ಕಾಲ, ಆ ದಿನಗಳಲ್ಲಿ ಕ್ಯಾಥೊಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ಸೆಮಿಸ್ಟರಿನಲ್ಲಾದರೂ ಹಾಜರಾತಿ ಶಾರ್ಟೇಜ್ ಪಟ್ಟಿಯಿಂದ ತಪ್ಪಿಸಿಕೊಳ್ಳಬಹುದೆಂದು ಖುಷಿಯಾಗಿ ಕ್ಯಾಟರಿಂಗ್ ಧಣಿಗಳಿಗೆ ಮುಂಚಿತವಾಗಿಯೇ ಹೇಳಿದೆ.

"ಎಂತದು ಮಾರಾಯ, ಆಗ ನಮ್ಮವರ ಮದುವೆ ಉಂಟಲ್ಲ," ಎಂದರು.