ಸತ್ಯಾಂಶ: ನಾಗರಹಾವು 12 ವರ್ಷ ಹಗೆ ಸಾಧಿಸುತ್ತದೆಯೇ?

ಉಡುಪಿ, ಮಂಗಳೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮೆಸೇಜು: ಸಾಯುವ ನಾಗರಹಾವಿನ ಕಣ್ಣಲ್ಲಿ ಕೊಂದವರ ಮುಖ ಅಚ್ಚಾಗುತ್ತದೆ, ಜೋಡಿ ಹಾವು ಅದನ್ನು ನೋಡಿ 12 ವರ್ಷ ಹಗೆ ಸಾಧಿಸುತ್ತದೆ.

ಸುಳ್ಳು. ಸತ್ತ ಹಾವಿನ ಕಣ್ಣಲ್ಲಿ ಯಾವ ಚಿತ್ರವೂ ಉಳಿಯುವುದಿಲ್ಲ.

ಹಾಗಾದರೆ ಒಂದು ಹಾವನ್ನು ಕೊಂದ ಜಾಗಕ್ಕೆ ಕೆಲವೊಮ್ಮೆ ಎರಡನೇ ಹಾವು ಬರುವುದೇಕೆ? ಬೆದೆಯ ಕಾಲದಲ್ಲಿ ಹೆಣ್ಣು ಬಿಟ್ಟ ವಾಸನೆಯ ಕಣಗಳನ್ನು ಗಂಡು ನಾಲಿಗೆಯಿಂದ ಹೆಕ್ಕಿ, ಅಂಗುಳದಲ್ಲಿರುವ, ವಾಸನೆ ಗುರುತಿಸುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸಿ ಜಾಡು ಹಿಡಿಯುತ್ತದೆ. ಇಲ್ಲವೇ ಅದೇ ಇಲಿ, ಅದೇ ಮುರಕಲ್ಲಿನ ಸಂದು, ಅದೇ ತೆಂಗಿನ ಸಿಪ್ಪೆಯ ರಾಶಿ ಇದನ್ನೂ ಕರೆದಿರುತ್ತದೆ. ರಾಶಿ ತೆಗೆಯಿರಿ, ಸಂದು ಮುಚ್ಚಿ.

ಹಾವು ಏನನ್ನೂ ಕಲಿಯದು ಎಂದಲ್ಲ. ಅಡಗುವ ಜಾಗ ನೆನಪಿಡಬಲ್ಲದು. ಮುಖ ಗುರುತಿಟ್ಟು ಹಗೆ ಸಾಧಿಸುವುದೇನಿದ್ದರೂ ಕಾಗೆ: ಅಮೆರಿಕದ ಸಿಯಾಟಲ್‌ನಲ್ಲಿ ವಿಜ್ಞಾನಿ ಜಾನ್ ಮಾರ್ಜ್‌ಲಫ್ ತಂಡ ಮುಖವಾಡ ಧರಿಸಿ ಕಾಗೆ ಹಿಡಿದು ಬಿಟ್ಟ ಮೇಲೆ, ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಕೂಗಿ ಮೇಲೆರಗುತ್ತಿದ್ದವು.